ಗಂಟೆಗೋಪುರದ ಬಿರುಕು

ಆ ಚರ್ಚಿನೊಳಗೆ ನಾನು ಮೊದಲ ಸಲ ಹೋದದ್ದು ಬಾತ್‌ರೂಮ್ ಹುಡುಕಿಕೊಂಡು. ಭಾನುವಾರ ಮಧ್ಯಾಹ್ನದ ನಮ್ಮ ಕನ್ನಡ ಕ್ಲಾಸು ಅವರ ಹಾಲ್‌ನಲ್ಲಿ ಶುರುವಾಗಿ ಎರಡು ವಾರವಾಗಿತ್ತು. ಹಾಲ್‌ನ ಬಾತ್‌ರೂಮಿನ ಮುಂದೆ ಮಕ್ಕಳ ದೊಡ್ಡ ಸಾಲು. ಪಕ್ಕದ ಬಾಗಿಲು ತಳ್ಳಿದರೆ ಕತ್ತಲೆ, ಮೇಣದ ವಾಸನೆ, ಒದ್ದೆ ಕಲ್ಲಿನ ವಾಸನೆ. ಅಭ್ಯಾಸಬಲದಿಂದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಿದ್ದೆ. ಬರಿಗಾಲಲ್ಲಿ ನಿಂತ ನನ್ನನ್ನು ನೋಡಿ, ನೆಲದ ಮೇಲಿನ ಮೇಣ ಕೆರೆಯುತ್ತಿದ್ದ ಮುದುಕರೊಬ್ಬರು "ನೆಲ ತಣ್ಣಗಿದೆ, ಶೀತ ಆಗುತ್ತೆ" ಅಂದರು. ಅವರು ಆ ಚರ್ಚಿನ ವಾರ್ಡನ್. ಪಾದ್ರಿ ಬಂದು ಪ್ರಾರ್ಥನೆ ಮಾಡಿಸಿ ಹೋಗುವವರು. ಬೀಗ, ಬಲ್ಬು, ಸೋರುವ ಸೂರು, ಗಂಟೆ ಎಲ್ಲ ವಾರ್ಡನ್ನರ ಪಾಲು. ನಮ್ಮ ಕಡೆ ದೇವಸ್ಥಾನಕ್ಕೆ ಧರ್ಮದರ್ಶಿ ಅಂತ ಇರುತ್ತಾರಲ್ಲ, ಹಾಗೆ. ಆದರೆ ಇವರು ಪೊರಕೆ ಹಿಡಿಯುವ ಧರ್ಮದರ್ಶಿ.

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಸಿಯಾಟಲ್ ಸುತ್ತಮುತ್ತಲಿನ ಹಳೆಯ ಇಟ್ಟಿಗೆ ಕಟ್ಟಡಗಳು ಭೂಕಂಪವಾದರೆ ನಿಲ್ಲುತ್ತವೋ ಬೀಳುತ್ತವೋ ಅಂತ ನೋಡಿ ಬರೆದುಕೊಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ. ನಮ್ಮವರ ಊಟದ ಮನೆಗಳಲ್ಲಿ ಯಾವ ಟೀಮು, ಯಾವ ಪ್ರಾಡಕ್ಟು ಅಂತ ಕೇಳುವವರಿಗೆ ನಾನು ಸುತ್ತಿಗೆ ಹಿಡಿದು ಗೋಡೆ ತಟ್ಟುವವಳು ಅಂದರೆ ಮುಂದೆ ಏನು ಕೇಳಬೇಕೋ ತಿಳಿಯುವುದಿಲ್ಲ. ಗಂಡ ರೆಡ್ಮಂಡಿನಲ್ಲಿ ಸಾಫ್ಟ್‌ವೇರಿನವನು, ಅದರಿಂದ ಮನೆಯ ಮರ್ಯಾದೆ ಉಳಿದಿದೆ. ಆಫೀಸಿನಲ್ಲಿ ನನ್ನ ರಿಪೋರ್ಟುಗಳಿಗೆ ದಯೆ ದಾಕ್ಷಿಣ್ಯ ಇಲ್ಲ ಅನ್ನುವ ಹೆಸರಿದೆ. ಬೀಳುವ ಗೋಡೆಗೆ ಬೀಳುತ್ತೆ ಅಂತಲೇ ಬರೆಯುತ್ತೇನೆ. ಆದರೆ ಅದು ಬರೆಯುವಾಗ ಮಾತ್ರ. ಎದುರಿಗೆ ವಯಸ್ಸಾದವರು ಬಂದು ನಿಂತರೆ ನನ್ನ ನಾಲಿಗೆಗೆ ಬೇರೆಯೇ ಬುದ್ಧಿ. ಆ ನಾಲಿಗೆ ಮಾಡಿದ ಕೆಲಸವನ್ನು ಹೇಳಲು ಕೂತಿದ್ದೇನೆ.

ಇಂಗ್ಲೆಂಡಿನ ಹಳ್ಳಿ ಚರ್ಚಿನಂಥದ್ದು ಸಿಯಾಟಲ್ ಪಕ್ಕದ ಈ ರೆಂಟನ್‌ನಲ್ಲಿ ಯಾಕಿದೆ ಅಂತ ನಾನೇ ವಾರ್ಡನ್ನರನ್ನು ಕೇಳಿದೆ. ಈಗ ವೇರ್‌ಹೌಸುಗಳಿರುವ ಕಡೆ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿದ್ದವಂತೆ. ಇಂಗ್ಲೆಂಡಿನಿಂದ ಬಂದ ಕೆಲವು ಗಣಿ ಕೆಲಸದವರ ಕುಟುಂಬಗಳು ಮೊದಲು ಮರದ ಶೆಡ್ಡೊಂದರಲ್ಲಿ ಪ್ರಾರ್ಥನೆ ಮಾಡುತ್ತಿದ್ದವು. ಸ್ವಲ್ಪ ಅನುಕೂಲವಾದ ಮೇಲೆ ಊರಲ್ಲಿ ಬಿಟ್ಟು ಬಂದ ಚರ್ಚೇ ಬೇಕು ಅಂದರಂತೆ. ಅಂಥದ್ದು ಅಲ್ಲ, ಅದೇ. ಊರಿಗೆ ಕಾಗದ ಬರೆದು ಅಳತೆ ತರಿಸಿದರು. ಗೋಪುರ ಇಷ್ಟು ಎತ್ತರ, ಕಿಟಕಿ ಇಷ್ಟು ಚೂಪು, ಬಾಗಿಲು ದಕ್ಷಿಣಕ್ಕೆ, ಬಾಗಿಲ ಮುಂದೆ ಕಲ್ಲಿನ ಜಗಲಿ, ಅದರ ಮೇಲೆ ಪುಟ್ಟ ಮಾಡು. ಅಲ್ಲಿ ಪೂರಾ ಕಲ್ಲಿನದು. ಇಲ್ಲಿ ಅಷ್ಟು ಕಲ್ಲಿಗೆ ಅನುಕೂಲವಿಲ್ಲದೆ ಒಳಗೆ ಇಟ್ಟಿಗೆ, ಮೈಗೆ ಮಾತ್ರ ಇಲ್ಲಿಯ ಮರಳುಗಲ್ಲು. ಅಲ್ಲಿ ಓಕ್ ಮರದ ಸೂರು. ಇಲ್ಲಿ ಇಲ್ಲಿಯದೇ ಫರ್ ಮರ. ವಾರ್ಡನ್ನರ ಅಜ್ಜ ಇಟ್ಟಿಗೆ ಹೊತ್ತವರು.

ಹಳೆಯ ಚರ್ಚಿನಿಂದ ಒಂದೇ ಒಂದು ಕಲ್ಲು ಹಡಗಿನಲ್ಲಿ ಬಂದಿತ್ತು. ತೆಂಗಿನಕಾಯಿ ಗಾತ್ರದ್ದು. ಅದನ್ನು ಬಾಗಿಲ ಮುಂದಿನ ಜಗಲಿಯ ಗೋಡೆಯಲ್ಲಿ, ಭುಜದ ಎತ್ತರಕ್ಕೆ ಕೂರಿಸಿದ್ದರು. ಒಳಗೆ ಹೋಗುವವರೆಲ್ಲ ಅದನ್ನು ಮುಟ್ಟಿ ಮುಟ್ಟಿ ಅದು ಕಪ್ಪಾಗಿ ಹೊಳೆಯುತ್ತಿತ್ತು. ನಾನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ನಕ್ಕರು, ಆದರೆ ಮುಂದಿನ ವಾರ ತಮ್ಮವರಿಗೆಲ್ಲ ಅದನ್ನು ಹೇಳಿಕೊಂಡು ಬಂದರು.

ಮಕ್ಕಳು ಒತ್ತಕ್ಷರ ತಿದ್ದುವ ಹೊತ್ತಿನಲ್ಲಿ ನನಗೆ ಚರ್ಚಿನ ಪಾಠ ನಡೆಯುತ್ತಿತ್ತು. ಜನ ಕೂರುವ ಉದ್ದನೆಯ ಭಾಗ, ಅದರಾಚೆ ದೊಡ್ಡ ಕಮಾನು, ಕಮಾನಿನಾಚೆ ಪೂಜೆಯ ಮೇಜಿರುವ ಕಿರಿದಾದ ಭಾಗ. ನವರಂಗ, ಸುಕನಾಸಿ, ಗರ್ಭಗುಡಿ ಅಂತ ನಾನು ಮನಸ್ಸಿನಲ್ಲೇ ಹೆಸರಿಟ್ಟುಕೊಂಡೆ. ಹಾಸನದ ಕಡೆಯವಳು, ಬೇರೆ ಹೆಸರು ಬರುವುದಿಲ್ಲ. ನಮ್ಮಲ್ಲಿ ದೇವರು ಪೂರ್ವಕ್ಕೆ ನೋಡುತ್ತಾನೆ, ಅವರಲ್ಲಿ ಜನ ಪೂರ್ವಕ್ಕೆ ನೋಡುತ್ತಾರೆ ಅಂದಾಗ ಅವರು "ಹಾಗಾದರೆ ಒಬ್ಬರಿಗೊಬ್ಬರು ಎದುರಾಗಿದ್ದೇವೆ" ಅಂದರು. ಮಗುವಿಗೆ ನೀರು ಹಾಕಿ ಹೆಸರಿಡುವ ಕಲ್ಲಿನ ತೊಟ್ಟಿ ಬಾಗಿಲ ಹತ್ತಿರವೇ ಇತ್ತು. ಅಂಗಳದ ಗೇಟಿಗೂ ಒಂದು ಮಾಡು. ಶವದ ಪೆಟ್ಟಿಗೆ ತಂದವರು ಪಾದ್ರಿ ಎದುರುಗೊಳ್ಳುವ ತನಕ ಅಲ್ಲಿ ಇಳಿಸಿಕೊಳ್ಳಲಿ ಅಂತ. ಹುಟ್ಟಿದವನು ತೊಟ್ಟಿಯಿಂದ ಒಳಗೆ, ಸತ್ತವನು ಗೇಟಿನಿಂದ ಹೊರಗೆ. ಅಷ್ಟೇ ದೂರ ನಡೆಯುವುದು ನಾವೆಲ್ಲ ಅಂದರು.

ಪಶ್ಚಿಮದ ತುದಿಯಲ್ಲಿ ಚೌಕದ ಗೋಪುರ. ಅದರ ದಕ್ಷಿಣದ ಮಗ್ಗುಲಿಗೆ ಅಂಟಿಕೊಂಡೇ ಆ ಜಗಲಿ ಮತ್ತು ಬಾಗಿಲು. ಗೋಪುರದ ತಲೆಯ ಸುತ್ತ ಕೋಟೆಯಂಥ ಹಲ್ಲು ಹಲ್ಲಿನ ಕಟ್ಟೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿನ ಶಿಖರ. ನೋಡುವವರಿಗೆ ಅಲಂಕಾರ. ಆದರೆ ಇಂಗ್ಲೆಂಡಿನ ಹಳೆಯ ಮೇಸ್ತ್ರಿಗಳು ದಡ್ಡರಲ್ಲ. ಮೂಲೆಯ ಮೇಲೆ ಭಾರ ಕೂರಿಸಿದರೆ ಕೆಳಗಿನ ಆನಿಕೆಗೋಡೆ ಆಚೆಗೆ ವಾಲದೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿನ ನೆಲ ಅಲುಗುವುದು ಅಪರೂಪ, ಅದಕ್ಕೆ ಅಲ್ಲಿ ಭಾರವೇ ಭದ್ರ. ಇಲ್ಲಿ ನೆಲವನ್ನು ನಂಬುವ ಹಾಗಿಲ್ಲ. ಸಡಿಲವಾದ ಭಾರ ತಲೆಯ ಮೇಲೆ ಕೂತಿದ್ದರೆ ಅದೇ ಮೊದಲು ಕೆಳಗೆ ಬರುವುದು. ಗಣಿಯವರು ಅಳತೆ ತರಿಸಿದರು, ನೆಲವನ್ನು ತರಿಸಲಾಗಲಿಲ್ಲ.

ಗೋಪುರದಲ್ಲಿ ಒಂದೇ ಗಂಟೆ. ಅದನ್ನು ವಾರ್ಡನ್ನರ ಹೊರತು ಬೇರೆಯವರು ಬಾರಿಸುತ್ತಿರಲಿಲ್ಲ. ಸತ್ತವರಿಗೆ ಬಾರಿಸುವುದಕ್ಕೆ ಒಂದು ಲೆಕ್ಕವಿತ್ತು: ಗಂಡಸಾದರೆ ಮೂರು ಸಲ ಮೂರು ಪೆಟ್ಟು, ಹೆಂಗಸಾದರೆ ಮೂರು ಸಲ ಎರಡು, ಆಮೇಲೆ ಸ್ವಲ್ಪ ತಡೆದು ವಯಸ್ಸಿನಷ್ಟು. ಹಳೆಯ ಊರಿನಲ್ಲಿ ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಎಣಿಸುತ್ತಿದ್ದರಂತೆ. ಎಣಿಕೆ ಮುಗಿಯುವ ಹೊತ್ತಿಗೆ ಹೋದವರು ಯಾರೆಂದು ಗೊತ್ತಾಗುತ್ತಿತ್ತು. ಅವರ ಹೆಂಡತಿ ತೀರಿಕೊಂಡಾಗ ಆರು ಪೆಟ್ಟು, ಆಮೇಲೆ ಎಪ್ಪತ್ತಾರು. ಇವರೇ ಹಗ್ಗ ಹಿಡಿದು ಬಾರಿಸಿದ್ದರು. "ಅರವತ್ತು ದಾಟಿದ ಮೇಲೆ ಕೈ ಸೋತಿತು. ಆದರೆ ಕಡಿಮೆ ಬಾರಿಸಿದರೆ ಅವಳ ವರ್ಷ ಕದ್ದ ಹಾಗೆ" ಅಂದರು. ಮಕ್ಕಳಿರಲಿಲ್ಲ. ಅವರಿಗೆ ಉಳಿದಿದ್ದ ಆಸೆ ಒಂದೇ, ಅದನ್ನು ಅವರು ಮುಚ್ಚಿಡಲಿಲ್ಲ: ಹೆಂಡತಿ ಹೋದ ಬಾಗಿಲಿನಿಂದಲೇ ತಾವೂ ಹೋಗಬೇಕು, ಆ ಕಲ್ಲಿನ ಪಕ್ಕದಿಂದ, ಆ ಗೇಟಿನ ಕೆಳಗಿನಿಂದ, ಗಂಟೆ ತಮ್ಮ ವಯಸ್ಸನ್ನು ಹೇಳುತ್ತಿರುವಾಗ. ಆಗ ಅವರಿಗೆ ಎಂಬತ್ತೆರಡು.

ಒಂದು ಸೆಪ್ಟೆಂಬರಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು ಅಂಗೈ ತೆರೆದು ತೋರಿಸಿದರು. ಮರಳು, ಸುಣ್ಣದ ಪುಡಿ. ಪ್ರತಿ ಭಾನುವಾರ ಗಂಟೆ ಬಾರಿಸಿದ ಮೇಲೆ ಜಗಲಿಯ ಮಾಡಿನ ಮೇಲೆ ಇಷ್ಟು ಉದುರಿರುತ್ತದೆ, ಒಮ್ಮೆ ಹತ್ತಿ ನೋಡುತ್ತೀಯಾ, ಆಫೀಸಿನ ಲೆಕ್ಕದಲ್ಲಿ ಬೇಡ, ನೀನಾಗಿ ಅಂದರು. ನಾನು ಟಾರ್ಚು ಹಿಡಿದು ಒಳಗಿನ ಏಣಿ ಹತ್ತಿದೆ.

ನೋಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನೈಋತ್ಯದ ಮೂಲೆಯಲ್ಲಿ ಗಂಟೆಯ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದು ಬಿರುಕು ಮೇಲಕ್ಕೆ ಹೋಗಿತ್ತು. ಕೆಳಗೆ ಬೆರಳು ತೂರುವಷ್ಟು, ಮೇಲೆ ಕೈ ತೂರುವಷ್ಟು. ಅದರೊಳಗಿನಿಂದ ಆಕಾಶ ಕಾಣುತ್ತಿತ್ತು. ಮೂಲೆಯ ಶಿಖರವನ್ನು ಹಿಡಿದಿದ್ದ ಕಬ್ಬಿಣದ ಮೊಳೆ ಮಳೆನೀರು ಕುಡಿದು ತುಕ್ಕಾಗಿ ಊದಿ, ತಾನು ಹಿಡಿದಿದ್ದ ಕಲ್ಲನ್ನೇ ಸೀಳಿತ್ತು. ತಲೆಯ ಕಟ್ಟೆಯ ತನಕ ಹತ್ತಿ ಶಿಖರಕ್ಕೆ ಕೈಯಿಟ್ಟೆ. ನನ್ನ ತೂಕದ ನಾಲ್ಕೈದರಷ್ಟಿದ್ದ ಆ ಕಲ್ಲು ನನ್ನ ಕೈಗೆ ಅಲುಗಿತು. ಅದರ ನೇರ ಕೆಳಗೆ ಜಗಲಿಯ ಮಾಡು. ಬೇರೆ ಯಾರ ಕಟ್ಟಡವೇ ಆಗಿದ್ದರೆ ಕೆಳಗಿಳಿಯುವ ಮೊದಲು ಫೋನ್ ಮಾಡಿ ಬಾಗಿಲು ಹಾಕಿಸಿರುತ್ತಿದ್ದೆ.

ಕೆಳಗೆ ಅವರು ಟೀ ಕಪ್ಪು ಹಿಡಿದು ಕಾಯುತ್ತಿದ್ದರು. ಒಂದು ನನಗೆ, ಒಂದು ಅವರಿಗೆ. ಹೇಗಿದೆ ಅಂತ ಕೇಳಲಿಲ್ಲ. "ನನ್ನನ್ನು ಕಳಿಸುವ ತನಕ ನಿಂತರೆ ಸಾಕು" ಅಂದರು. "ಮುಂದಿನ ವಾರಕ್ಕೆ ಅವಳು ಹೋಗಿ ನಾಲ್ಕು ವರ್ಷ."

ನಾನು ಬೆಳೆದ ಮನೆಯಲ್ಲಿ ಕೆಟ್ಟ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಅಸ್ತು ದೇವತೆಗಳು ಸದಾ ಮೇಲೆ ತಿರುಗುತ್ತಿರುತ್ತಾರೆ, ಬೀಳುತ್ತೆ ಅಂದರೆ ಅಸ್ತು ಅಂದುಬಿಡುತ್ತಾರೆ ಅಂತ ನನ್ನ ಅಜ್ಜಿ ಬಾಯಿಗೆ ಹೊಡೆಯುತ್ತಿದ್ದಳು. ಖಾಯಿಲೆಯವರನ್ನು ನೋಡಲು ಹೋದರೆ ಡಾಕ್ಟರು ಏನೇ ಹೇಳಿರಲಿ, ಏನೂ ಆಗಲ್ಲ ಅಂತ ಹೇಳಿ ಬರುವುದು ನಮ್ಮ ಮರ್ಯಾದೆ. ಹೇಳುವವರಿಗೂ ಕೇಳುವವರಿಗೂ ಅದು ಸಮಾಧಾನದ ಮಾತು ಅಂತ ಗೊತ್ತಿರುತ್ತದೆ. ಅದನ್ನು ನಂಬಿ ಯಾರೂ ಔಷಧಿ ನಿಲ್ಲಿಸುವುದಿಲ್ಲ.

"ಏನೂ ಆಗಲ್ಲ" ಅಂದೆ, ಇಂಗ್ಲಿಷಿನಲ್ಲಿ. "ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತೆ. ಚೆನ್ನಾಗಿದೆ."

ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸಂತೋಷವೂ ಆಯಿತು. ಅದನ್ನೂ ಬಚ್ಚಿಡುವುದಿಲ್ಲ. ಅವರು ಇಂಗ್ಲಿಷಿನ ಮನುಷ್ಯ. ಇಂಜಿನಿಯರನ್ನು ಮೇಲೆ ಹತ್ತಿಸಿದ್ದರು, ಇಂಜಿನಿಯರ್ ಕೆಳಗಿಳಿದು ಚೆನ್ನಾಗಿದೆ ಅಂದಳು. ಅವರಿಗೆ ಅದು ಸಮಾಧಾನವಲ್ಲ, ವರದಿ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿಸಿಕೊಂಡ.

"ನಿನ್ನನ್ನ ಹೈರ್ ಮಾಡಿದಾರಾ? ಇಲ್ಲ ತಾನೇ? ಪೇಪರ್ ಮೇಲೆ ಏನೂ ಇಲ್ಲ. ಸುಮ್ನೆ ಯಾಕೆ ಟೆನ್ಶನ್ ತಗೋತೀಯಾ?"

"ಬೀಳುತ್ತೆ ಕಣೋ ಅದು. ನಾಳೆ ಕಾಲ್ ಮಾಡಿ ಹೇಳ್ಬಿಡ್ತೀನಿ."

"ಹೇಳು. ಆದ್ರೆ ಈ ವಾರ ಬೇಡ. ಅವ್ರ ಹೆಂಡ್ತಿ ಹೋದ ದಿನ ಬರ್ತಿದೆ ಅಂದ್ಯಲ್ಲ, ಅದು ಮುಗೀಲಿ."

ಮುಗಿಯಲಿ ಅಂತ ಬಿಟ್ಟೆ. ಆಮೇಲೆ ಅವರಿಗೆ ನೆಗಡಿ ಆಯಿತು, ವಾಸಿಯಾಗಲಿ ಅಂತ ಬಿಟ್ಟೆ. ಆಮೇಲೆ ಸುಗ್ಗಿಯ ಪ್ರಾರ್ಥನೆಗೆ ಅವರೇ ಕುಂಬಳಕಾಯಿ ಜೋಡಿಸುತ್ತಿದ್ದರು, ಹಬ್ಬದ ದಿನ ಬೇಡ ಅಂತ ಬಿಟ್ಟೆ. ಈಮೇಲ್ ಬರೆದೆ, ಅಳಿಸಿದೆ. ಮೃದುವಾಗಿ ಹೇಳುವ ಒಂದು ವಾಕ್ಯ ಹುಡುಕುತ್ತಿದ್ದೆ. ಗೋಪುರ ಬೀಳುತ್ತೆ ಅನ್ನುವುದಕ್ಕೆ ಮೃದುವಾದ ವಾಕ್ಯ ಇಲ್ಲ.

ಆ ವಾರಗಳಲ್ಲಿ ನಾನು ಮಾಡಿದ ಒಂದು ಕೆಲಸವಿದೆ. ಕ್ಲಾಸು ಬಿಟ್ಟಾಗ ಮಳೆ ಬರುತ್ತಿದ್ದರೆ ಮಕ್ಕಳು ಕಾರು ಬರುವ ತನಕ ಆ ಜಗಲಿಯ ಮಾಡಿನ ಕೆಳಗೆ ನಿಲ್ಲುತ್ತಿದ್ದರು. ನಾನು ನನ್ನ ಮಗಳ ತೋಳು ಹಿಡಿದು ಹಾಲ್‌ಗೆ ಎಳೆದುಕೊಂಡು ಬರುತ್ತಿದ್ದೆ.

"ಎವ್ರಿವನ್ ಈಸ್ ದೇರ್, ಅಮ್ಮ. ವೈ ಓನ್ಲಿ ಮೀ?" ಅಂದಳು ಒಂದು ದಿನ.

ಚಳಿ, ಶೀತ ಆಗುತ್ತೆ ಅಂದೆ. ಮಿಕ್ಕ ಮಕ್ಕಳು ಅಲ್ಲೇ ನಿಂತಿದ್ದರು. ಅವರ ತಾಯಂದಿರು ನನ್ನ ಸ್ನೇಹಿತೆಯರು, ನನ್ನ ಮನೆಯಲ್ಲಿ ಊಟ ಮಾಡುವವರು. ಅವರಿಗೆ ಹೇಳಿದರೆ ವಾರ್ಡನ್ನರ ಕಿವಿಗೆ ಹೋಗುತ್ತದೆ, ಕ್ಲಾಸಿಗೆ ಜಾಗ ಹೋಗುತ್ತದೆ, ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಒಂದೊಂದು ವಾರ ಕಳೆದಷ್ಟೂ ಆ ಕೊನೆಯ ಪ್ರಶ್ನೆ ದೊಡ್ಡದಾಗುತ್ತಿತ್ತು. ಬೇರೆಯವರ ಮಕ್ಕಳನ್ನು ಆ ಕಲ್ಲಿನ ಕೆಳಗೆ ಬಿಟ್ಟು ನನ್ನ ಮಗುವನ್ನು ಮಾತ್ರ ಒಳಗೆ ಕರೆದುಕೊಂಡವಳು ನಾನು. ಇದನ್ನು ನೆನೆದಾಗ ಈಗಲೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಅಕ್ಟೋಬರಿನ ಕೊನೆಗೆ ಚರ್ಚಿನ ಸಭೆ ನಡೆಯಿತು. ಉಳಿದಿದ್ದ ಸದಸ್ಯರು ಹನ್ನೊಂದು ಜನ, ಎಲ್ಲರಿಗೂ ಎಪ್ಪತ್ತರ ಮೇಲೆ. ಬಿಷಪ್ಪರ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದರು. ಹಳೆಯ ಕಟ್ಟಡಗಳ ತಪಾಸಣೆಗೆ ಜನ ಕಳಿಸುತ್ತಿದ್ದೇವೆ, ನಿಮಗೂ ಕಳಿಸುತ್ತೇವೆ ಅಂದರು. ನಾನು ಹಿಂದೆ ಮಕ್ಕಳ ಕುರ್ಚಿ ಜೋಡಿಸುತ್ತಿದ್ದೆ. ವಾರ್ಡನ್ ಎದ್ದು ನಿಂತು "ಅವಶ್ಯಕತೆ ಇಲ್ಲ. ನಮ್ಮ ಇಂಜಿನಿಯರ್ ಹತ್ತಿ ನೋಡಿದ್ದಾಳೆ. ಚೆನ್ನಾಗಿದೆ ಅಂದಿದ್ದಾಳೆ" ಅಂತ ನನ್ನ ಕಡೆ ಕೈ ತೋರಿಸಿದರು. ನಮ್ಮ ಇಂಜಿನಿಯರ್ ಅಂದಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಹನ್ನೊಂದು ಮುಖ ತಿರುಗಿದವು. ಭಾರತದವರು ತಲೆಯಾಡಿಸಿದರೆ ಹೌದೋ ಅಲ್ಲವೋ ತಿಳಿಯುವುದಿಲ್ಲ ಅಂತ ನನ್ನ ಆಫೀಸಿನಲ್ಲಿ ನಗುತ್ತಾರೆ. ಅವತ್ತು ನಾನು ಆಡಿಸಿದ್ದು ಯಾರಿಗೂ ಅನುಮಾನ ಬಾರದಂಥ ಹೌದು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ಅದೇ ಅಜ್ಜಿ ಗಾದೆ ಹೇಳುತ್ತಿದ್ದಳು. ಅಸ್ತು ದೇವತೆಗಳ ಮಾತನ್ನು ಹಿಡಿದುಕೊಂಡೆ, ಈ ಮಾತನ್ನು ಬಿಟ್ಟೆ.

ನವೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ, ಗಾಳಿ. ಐದನೆಯ ದಿನ ಭಾನುವಾರ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಕನ್ನಡ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂತು: ಇವತ್ತು ಕ್ಲಾಸ್ ಕ್ಯಾನ್ಸಲ್, ಚರ್ಚಲ್ಲಿ ಏನೋ ಆಕ್ಸಿಡೆಂಟ್ ಆಗಿದೆಯಂತೆ, ಡೀಟೇಲ್ಸ್ ಗೊತ್ತಿಲ್ಲ. ನನಗೆ ಡೀಟೇಲ್ಸ್ ಗೊತ್ತಿತ್ತು. ಯಾವ ಮೂಲೆ, ಯಾವ ಕಲ್ಲು, ಎಲ್ಲಿ ಬಿದ್ದಿರುತ್ತದೆ ಅಂತ ಗೊತ್ತಿತ್ತು. ಯಾರ ಮೇಲೆ ಅನ್ನುವುದೊಂದು ಗೊತ್ತಿರಲಿಲ್ಲ. ಒಲೆಯ ಮೇಲೆ ದೋಸೆ ಹೊತ್ತಿ ಹೊಗೆಯೆದ್ದು ಅಲಾರ್ಮ್ ಹೊಡೆದುಕೊಳ್ಳುವ ತನಕ ಅಲ್ಲೇ ನಿಂತಿದ್ದೆ.

ಅವರು ಎಂದಿನಂತೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲ ಬೀಗ ತೆಗೆಯುತ್ತಿದ್ದರಂತೆ. ಶಿಖರ ಮಾಡನ್ನು ಒಡೆದುಕೊಂಡು ಬಂದಿತ್ತು. ತಲೆಗೆ ಬೀಳಲಿಲ್ಲ. ಸೊಂಟ, ತೊಡೆ ಎರಡೂ ಮುರಿದಿದ್ದವು. ಪ್ರಾರ್ಥನೆಗೆ ಬಂದ ಮೊದಲ ಮುದುಕಿ ನೋಡುವ ತನಕ ಮಳೆಯಲ್ಲಿ ಬಿದ್ದಿದ್ದರು.

ಕಟ್ಟಡದೊಳಗೆ ಯಾರನ್ನೂ ಬಿಡುವ ಮೊದಲು ಇಂಜಿನಿಯರೊಬ್ಬರು ನೋಡಬೇಕು ಅಂತ ನಗರಸಭೆಯವರು ಹೇಳಿದರು. ಬಿಷಪ್ಪರ ಕಚೇರಿಯವರು ನಮ್ಮ ಆಫೀಸಿಗೇ ಫೋನ್ ಮಾಡಿದರು. ನಿನಗೆ ಆ ಜಾಗ ಗೊತ್ತಲ್ಲ, ನೀನೇ ಹೋಗು ಅಂದ ನನ್ನ ಬಾಸ್. ಬರೀ ಮಾಮೂಲಿ ಮಾತು, ಆದರೂ ಕುಂಬಳಕಾಯಿ ಕಳ್ಳ ಅಂದವರ ಮುಂದೆ ನಿಂತ ಹಾಗೆ ನಾನು ಹೆಗಲು ಮುಟ್ಟಿಕೊಂಡೆ. ಆಗಲ್ಲ ಅನ್ನಬೇಕಾಗಿತ್ತು, ಕಾರಣ ಹೇಳಬೇಕಾಗಿತ್ತು. ಹೋದೆ.

ಎರಡನೇ ಸಲ ಅದೇ ಬಿರುಕನ್ನು ನೋಡಿದೆ, ಈ ಸಲ ಕ್ರೇನಿನ ತೊಟ್ಟಿಲಲ್ಲಿ ನಿಂತು, ಅಳತೆಪಟ್ಟಿ ಹಿಡಿದು. ಗಂಟೆ ಅಲ್ಲೇ ತೂಗುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಉಳಿದ ಮೂರು ಶಿಖರಗಳೂ ಸಡಿಲ, ಗೋಪುರದ ಮೇಲಿನ ಅರ್ಧ ಎರಡು ಹೋಳು. ಹಗ್ಗ ಎಳೆದರೆ ಗಂಟೆಯ ತೂಗಾಟಕ್ಕೇ ಕೆಳಗೆ ಬರಬಹುದು. ರಿಪೋರ್ಟಿನಲ್ಲಿ ಬಿರುಕು ಹಳೆಯದು, ತಿಂಗಳುಗಟ್ಟಲೆ ಕಣ್ಣಿಗೆ ಕಾಣುವಂತಿದ್ದಿರಬೇಕು ಅಂತ ಬರೆದೆ. ಕಂಡವರು ಯಾರು ಅಂತ ಬರೆಯಲು ಅದರಲ್ಲಿ ಜಾಗವಿರಲಿಲ್ಲ, ನಾನು ಜಾಗ ಮಾಡಲೂ ಇಲ್ಲ. ಯಾರೂ ಒಳಗೆ ಹೋಗಬಾರದು ಅನ್ನುವ ಕೆಂಪು ನೋಟೀಸಿಗೆ ಸಹಿ ಹಾಕಿ ಬೇಲಿಗೆ ಕಟ್ಟಿದೆ. ಕಲ್ಲು ಬಿದ್ದರೆ ಎಲ್ಲಿಯ ತನಕ ಸಿಡಿಯುತ್ತದೆ ಅಂತ ಲೆಕ್ಕ ಹಾಕಿಯೇ ಬೇಲಿ ಹಾಕುವುದು. ಜಗಲಿ, ಬಾಗಿಲು, ಅಂಗಳದ ಮಾಡಿನ ಗೇಟು ಎಲ್ಲ ಬೇಲಿಯ ಒಳಗೆ ಹೋದವು. ಹಿಂದಿನ ಹಾಲ್ ಮಾತ್ರ ಹೊರಗುಳಿಯಿತು. ಜಗಲಿಯ ರಾಶಿಯಲ್ಲಿ ಹಡಗಿನಲ್ಲಿ ಬಂದ ಆ ಕರಿ ಕಲ್ಲನ್ನು ಹುಡುಕಿದೆ. ಮಳೆಗೆ ನೆನೆದು ಎಲ್ಲ ಕಲ್ಲುಗಳೂ ಕಪ್ಪಾಗಿದ್ದವು.

ಆಸ್ಪತ್ರೆಗೆ ಹೋಗಲು ನನಗೆ ಹನ್ನೆರಡು ದಿನ ಹಿಡಿಯಿತು. ಹಾಸಿಗೆಯಲ್ಲಿ ಅವರು ಅರ್ಧವಾಗಿದ್ದರು. ಎದೆಗೆ ನೀರು ಸೇರಿದೆ, ಈ ವಯಸ್ಸಿಗೆ ಇನ್ನು ಮೇಲೇಳುವುದು ಕಷ್ಟ ಅಂತ ನರ್ಸ್ ಹೊರಗೇ ಹೇಳಿದ್ದಳು. ಹೇಳಬೇಕಾದ ಮಾತನ್ನು ಕಾರಿನಲ್ಲಿ ಬರುವಾಗ ಬಾಯಿಪಾಠ ಮಾಡಿದ್ದೆ: ನಾನು ಅವತ್ತೇ ನೋಡಿದ್ದೆ, ನಿಮಗೆ ಸುಳ್ಳು ಹೇಳಿದೆ. ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದರು.

"ನೀನು ಮನಸ್ಸಿಗೆ ಹಚ್ಚಿಕೊಂಡಿರುತ್ತೀಯ ಅಂತ ಗೊತ್ತು" ಅಂದರು. "ನೀನು ನೋಡಿದಾಗ ಚೆನ್ನಾಗಿತ್ತು. ಈ ಗಾಳಿಗೆ ಹಾಳಾಗಿದೆ. ನಿನ್ನ ತಪ್ಪಲ್ಲ."

ನಾನು ಬೈಗುಳ ನಿರೀಕ್ಷಿಸಿ ಹೋಗಿದ್ದೆ. ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಅವರು ಕ್ಷಮಿಸಿಬಿಟ್ಟರು, ಅದೂ ತಪ್ಪು ತಿಳಿದುಕೊಂಡು. ಬಾಯಿಪಾಠ ಬಿಟ್ಟು ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಮಾಡಿದೆ.

"ಬೇಲಿ ಹಾಕಿದಾರಂತೆ" ಅಂದರು. "ನನ್ನ ದಿನ ಒಂದು ಐದು ನಿಮಿಷ ತೆಗೆಸು. ಗಂಟೆಗೆ. ನಿನ್ನ ಮಾತಾದರೆ ಕೇಳುತ್ತಾರೆ."

ನೋಟೀಸಿನ ಕಾರ್ಬನ್ ಪ್ರತಿ ನನ್ನ ಬ್ಯಾಗಿನಲ್ಲಿತ್ತು. ಸಾಯುವವರು ಕೇಳಿದ್ದಕ್ಕೆ ಇಲ್ಲ ಅನ್ನಬಾರದು.

"ಆಗಲಿ, ತೆಗೆಸ್ತೀನಿ" ಅಂದೆ.

ಅವರು ಕಣ್ಣು ಮುಚ್ಚಿ "ಒಂಬತ್ತು, ಆಮೇಲೆ ಎಂಬತ್ತೆರಡು" ಅಂದರು. ಐದು ದಿನಕ್ಕೆ ತೀರಿಕೊಂಡರು.

ಪ್ರಾರ್ಥನೆ ಹಾಲ್‌ನಲ್ಲಿ ನಡೆಯಿತು, ನಮ್ಮ ಕ್ಲಾಸು ನಡೆಯುವ ಜಾಗದಲ್ಲಿ. ಗೋಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿದ ವರ್ಣಮಾಲೆ ಹಾಗೇ ಇತ್ತು, ಯಾರೂ ತೆಗೆದಿರಲಿಲ್ಲ. ಅದರ ಕೆಳಗೆ ಪೆಟ್ಟಿಗೆ. ಉಳಿದ ಹತ್ತು ಜನ ಮುಂದೆ, ಕ್ಲಾಸಿನ ಕೆಲವು ತಂದೆತಾಯಿಗಳು ಹಿಂದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪಾದ್ರಿ ಓದುವುದು ಮುಗಿಸಿದರು. ಪೆಟ್ಟಿಗೆ ಹೊರುವವರು ಎದ್ದು ನಿಂತರು. ಆಗ ಎಲ್ಲರೂ ಸುಮ್ಮನಾದರು. ಯಾರೂ ಹೇಳಬೇಕಾಗಿರಲಿಲ್ಲ, ಅದು ಗಂಟೆಯ ಹೊತ್ತು. ಕಿಟಕಿಯಾಚೆ ಮೂವತ್ತು ಹೆಜ್ಜೆ ದೂರದಲ್ಲಿ ಗೋಪುರ ಕಾಣುತ್ತಿತ್ತು. ಗಾಳಿಯೂ ಇರಲಿಲ್ಲ.

ಅವರು ಮಳೆಯಲ್ಲಿ ಬಿದ್ದಿದ್ದಾಗ ಮೊದಲು ನೋಡಿದ್ದ ಮುದುಕಿ ತಿರುಗಿದರು. "ಇಂಜಿನಿಯರ್ ಇಲ್ಲೇ ಇದ್ದಾಳೆ" ಅಂದರು. "ಹಗ್ಗ ಕೆಳಗೇ ಇದೆ. ಒಬ್ಬರು ಹೋಗಿ ಎಳೆದು ಬಂದರೆ? ಐದು ನಿಮಿಷ." ಪಾದ್ರಿ ನನ್ನನ್ನು ನೋಡಿದರು. ಪೆಟ್ಟಿಗೆ ಹೊರುವವರಲ್ಲಿ ಒಬ್ಬರು ಆಗಲೇ ಕೋಟು ಬಿಚ್ಚುತ್ತಿದ್ದರು. ನಾನು ಹೋಗುತ್ತೇನೆ, ನೀನು ಹೂಂ ಅನ್ನು ಸಾಕು ಅಂದರು.

ನನ್ನ ಬಾಯಲ್ಲಿ ಅದೇ ಎರಡು ಪದ ಸಿದ್ಧವಾಗಿದ್ದವು. ಬಹುಶಃ ಏನೂ ಆಗುತ್ತಿರಲಿಲ್ಲ. ನೂರಕ್ಕೆ ತೊಂಬತ್ತು ಸಲ ಏನೂ ಆಗುವುದಿಲ್ಲ. ಮಾತು ಕೊಟ್ಟಿದ್ದೆ. ಆ ಪೆಟ್ಟಿಗೆಯಲ್ಲಿದ್ದವರು ನನ್ನ ಮಾತನ್ನು ನಂಬಿಕೊಂಡೇ ಎರಡು ಸಲ ಕಣ್ಣು ಮುಚ್ಚಿದ್ದರು.

"ಆಗಲ್ಲ" ಅಂದೆ. "ಹಗ್ಗ ಎಳೆದರೆ ಗೋಪುರ ಬೀಳುತ್ತೆ. ಯಾರೂ ಹೋಗಬೇಡಿ."

"ಒಂದು ಸಲ, ಒಂದೇ ಪೆಟ್ಟು" ಅಂದರು ಆ ಮುದುಕಿ.

"ಇಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು. ಸಭೆಯ ದಿನ ತಿರುಗಿದ ಹನ್ನೊಂದು ಮುಖಗಳಲ್ಲಿ ಅವರದೂ ಒಂದು. "ಆದರೆ ನೀನು ಅವರಿಗೆ ಚೆನ್ನಾಗಿದೆ ಅಂದಿದ್ದೆ" ಅಂದರು. ಕೋಪವಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು.

"ಸುಳ್ಳು ಹೇಳಿದ್ದೆ" ಅಂದೆ. "ಬಿರುಕು ಆಗಲೂ ಇತ್ತು. ನಾನು ನೋಡಿದ್ದೆ."

ಹಿಂದೆ ಕೂತಿದ್ದ ನನ್ನ ಸ್ನೇಹಿತೆಯೊಬ್ಬಳು ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಾದ್ರಿ ಪುಸ್ತಕ ಮುಚ್ಚಿದರು. ಕೋಟು ಬಿಚ್ಚಿದವರು ಮತ್ತೆ ಹಾಕಿಕೊಂಡು ಪೆಟ್ಟಿಗೆಗೆ ಹೆಗಲು ಕೊಟ್ಟರು. ಹಾಲ್‌ನ ಮುಂದಿನ ಬಾಗಿಲು ಬೇಲಿಗೆ ತೆರೆಯುತ್ತದೆ, ಆದ್ದರಿಂದ ಅಡುಗೆಮನೆಯ ಕಡೆಯಿಂದ, ರೀಸೈಕಲ್ ಡಬ್ಬಗಳ ಪಕ್ಕದಿಂದ ಒಯ್ಯಬೇಕಾಯಿತು. ಆ ಬಾಗಿಲು ಕಿರಿದು. ಪೆಟ್ಟಿಗೆಯನ್ನು ಓರೆ ಮಾಡಿ, ಎರಡು ಸಲ ಹಿಂದೆ ಮುಂದೆ ಸರಿಸಿ, ಹೊರಗೆ ತೆಗೆದರು.